ಚುನಾವಣೆ, ಮಿಲಿಟರಿ, ಮನೆದೇವರು: ಹಾಸನದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಗುಂಡು ಹಾರಿಸಿದ್ದಕ್ಕಿಂತ ಫಾರಂ ತುಂಬಿದ್ದೇ ಜಾಸ್ತಿ. ಈಗ ಹಾಸನದಲ್ಲಿದ್ದೇನೆ. ಚುನಾವಣೆ ದಿನಾಂಕ ಪ್ರಕಟವಾದ ಕೂಡಲೇ ಅರಸೀಕೆರೆ, ಚನ್ನರಾಯಪಟ್ಟಣ, ಅರಕಲಗೂಡು ಕಡೆಯಿಂದ ಫೋನು ಶುರುವಾಗುತ್ತದೆ. ಅರ್ಧ ಜನ ಮಗನ ವೋಟಿನ ಬಗ್ಗೆ ಕೇಳುತ್ತಾರೆ. ಇನ್ನರ್ಧ ಜನ ಟೀ ಅಂಗಡಿಯ ಜಗಳ ತೀರಿಸಿಕೊಡಿ ಅಂತ ಕೇಳುತ್ತಾರೆ. ಎರಡಕ್ಕೂ ಇಲ್ಲಿ ಉತ್ತರ ಬರೆದಿಟ್ಟಿದ್ದೇನೆ. ಯಾವ ಪಕ್ಷಕ್ಕೆ ಹಾಕಬೇಕು ಅನ್ನುವುದು ಮಾತ್ರ ಇದರಲ್ಲಿ ಇಲ್ಲ. ಹುಡುಕಬೇಡಿ.

ಸೈನಿಕರಿಗೆ ವೋಟು ಇದೆಯಾ? ಅವರು ರಾಜಕೀಯದಿಂದ ದೂರ ಇರಬೇಕು ಅಲ್ವಾ?

ಇದೆ. ರಾಜಕೀಯದಿಂದ ದೂರ ಇರಬೇಕು ಅಂದರೆ ಪಕ್ಷದ ಕೆಲಸದಿಂದ ದೂರ ಇರಬೇಕು ಅಂತ. ವೋಟು ಹಾಕುವುದು ಪಕ್ಷದ ಕೆಲಸ ಅಲ್ಲ. ಸೈನ್ಯ, ನೌಕಾಪಡೆ, ವಾಯುಪಡೆಯವರು, ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳವರು, ಹೊರ ರಾಜ್ಯದಲ್ಲಿ ಕೆಲಸದ ಮೇಲಿರುವ ಸಶಸ್ತ್ರ ಪೊಲೀಸರು, ವಿದೇಶದ ರಾಯಭಾರ ಕಚೇರಿಗಳಲ್ಲಿರುವ ಸರ್ಕಾರಿ ನೌಕರರು, ಇವರನ್ನೆಲ್ಲ ಸೇವಾ ಮತದಾರರು ಅನ್ನುತ್ತಾರೆ. ಎಲ್ಲಿದ್ದರೂ ಸ್ವಂತ ಊರಿನ ಕ್ಷೇತ್ರಕ್ಕೆ ಅಂಚೆ ಮೂಲಕ ಮತ ಹಾಕಬಹುದು.

ಮಗನ ಹೆಸರು ನಮ್ಮೂರಿನ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ. ಯಾರೋ ಬೇಕಂತಲೇ ತೆಗೆಸಿದ್ದಾರಾ?

ಸುಮ್ನೆ ಗಾಬರಿ ಬೇಡ. ಸೇವಾ ಮತದಾರರ ಪಟ್ಟಿ ಬೇರೆ ಇರುತ್ತದೆ. ಕ್ಷೇತ್ರದ ಮತದಾರರ ಪಟ್ಟಿಯ ಕೊನೆಯ ಭಾಗವಾಗಿ ಅದನ್ನು ಸೇರಿಸಿರುತ್ತಾರೆ. ನಿಮ್ಮ ಬೂತಿನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಅಲ್ಲೂ ಇಲ್ಲದಿದ್ದರೆ ಬಹುಶಃ ಮಗ ಫಾರಂ 2, ಅಂದರೆ ಸೇವಾ ಮತದಾರನಾಗಲು ಕೊಡುವ ಅರ್ಜಿ, ತುಂಬಿಲ್ಲ. ಅದನ್ನು ಇಲ್ಲಿ ತಾಲೂಕು ಕಚೇರಿಗೆ ಕೊಡುವುದಲ್ಲ. ಅವನು ತನ್ನ ಯೂನಿಟ್ಟಿನಲ್ಲಿ ಕೊಡಬೇಕು. ಅಲ್ಲಿಂದ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹೋಗಿ, ಆಮೇಲೆ ನಮ್ಮ ಜಿಲ್ಲೆಗೆ ಬರುತ್ತದೆ. ಅವನು ಕುಟುಂಬದ ಜೊತೆ ಒಂದೇ ಪೀಸ್ ಸ್ಟೇಷನ್ನಿನಲ್ಲಿ (ಗಡಿ ಕಾಯುವ ಕೆಲಸವಿಲ್ಲದ, ಶಾಂತ ಜಾಗದ ಠಾಣೆಯಲ್ಲಿ) ಇದ್ದರೆ, ಅಲ್ಲಿಯ ಸಾಮಾನ್ಯ ಮತದಾರನಾಗಿಯೂ ಹೆಸರು ಬರೆಸಿಕೊಳ್ಳಬಹುದು. ಎರಡೂ ಕಡೆ ಇರುವಂತಿಲ್ಲ. ಊರಲ್ಲಿ ಹಳೆಯ ಹೆಸರು ಇದ್ದು, ಸೇವಾ ಪಟ್ಟಿಯಲ್ಲೂ ಇದ್ದರೆ ಮೊದಲು ಒಂದನ್ನು ತೆಗೆಸಿ.

ಸೊಸೆಗೂ ಅಂಚೆ ಮತ ಇದೆಯಾ? ಮಗಳು ಸೇನೆಯಲ್ಲಿದ್ದರೆ ಅಳಿಯನಿಗೆ?

ಸೊಸೆ ಅವನ ಜೊತೆಯಲ್ಲೇ ವಾಸವಿದ್ದರೆ ಇದೆ. ಊರಲ್ಲಿ ನಿಮ್ಮ ಜೊತೆ ಇದ್ದರೆ ಇಲ್ಲ, ನಿಮ್ಮಂತೆಯೇ ಬೂತಿಗೆ ಬರಬೇಕು. ಅಳಿಯನ ಪ್ರಶ್ನೆಗೆ ಮೊದಲು ‘ಇಲ್ಲ’ ಅನ್ನಬೇಕಾಗಿತ್ತು. ಕಾನೂನಿನಲ್ಲಿ ಹೆಂಡತಿ ಅಂತಷ್ಟೇ ಇತ್ತು. 2021ರ ತಿದ್ದುಪಡಿಯಲ್ಲಿ ಅದನ್ನು ಗಂಡನಿಗೂ ಹೊಂದುವಂತೆ ಬದಲಾಯಿಸಿದರು. ಈಗ ಮಗಳ ಜೊತೆ ವಾಸವಿರುವ ಅಳಿಯನಿಗೂ ಇದೆ. ಹದಿನೆಂಟು ತುಂಬಿದ ಮಕ್ಕಳಿಗೆ ಮಾತ್ರ ಇಲ್ಲ.

ಅಂಚೆ ಮತ ಅಂದರೆ ಈಗಲೂ ಪೋಸ್ಟಿನಲ್ಲೇ ಹೋಗಿ ಬರುತ್ತದಾ?

ಅರ್ಧ ದಾರಿ ಮಾತ್ರ. 2016ರಲ್ಲಿ ನಿಯಮ ಬದಲಾಯಿತು. ಮತಪತ್ರ ಈಗ ಇಂಟರ್ನೆಟ್ ಮೂಲಕ ಹೋಗುತ್ತದೆ. ಸೈನಿಕ ಅಥವಾ ಅವನ ಯೂನಿಟ್ಟಿನವರು ಅದನ್ನು ಪಾಸ್‌ವರ್ಡ್ ಹಾಕಿ ತೆಗೆದು ಪ್ರಿಂಟ್ ಮಾಡಿಕೊಳ್ಳುತ್ತಾರೆ. ಗುರುತು ಹಾಕಿದ ಮೇಲೆ ವಾಪಸ್ ಬರುವುದು ಮಾತ್ರ ಅಂಚೆಯಲ್ಲೇ. ಅಂಚೆ ಚೀಟಿ ಹಚ್ಚಬೇಕಿಲ್ಲ.

ಕ್ಲರ್ಕ್ ಕೆಲಸ ಮಾಡಿದವನಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇಲ್ಲಿ ಮತಗಳು ಹಾಳಾಗುವುದು ಕಾಗದದ ಕೆಲಸದಲ್ಲಿ. 13ಎ ಅನ್ನುವ ಘೋಷಣಾ ಪತ್ರ ಇರುತ್ತದೆ. ಅದಕ್ಕೆ ಸೈನಿಕನ ಸಹಿ ಬೇಕು, ಕಮಾಂಡಿಂಗ್ ಆಫೀಸರ್ ಅಥವಾ ಅವರು ನೇಮಿಸಿದ ಅಧಿಕಾರಿಯ ದೃಢೀಕರಣವೂ ಬೇಕು. ಮತಪತ್ರ ಒಳಗಿನ ಲಕೋಟೆಗೆ ಹೋಗಬೇಕು. ಘೋಷಣಾ ಪತ್ರವನ್ನು ಅದರೊಳಗೆ ತುರುಕಬಾರದು, ಹೊರಗಿನ ಲಕೋಟೆಯಲ್ಲಿ ಬೇರೆಯಾಗಿ ಇಡಬೇಕು. ಹುಡುಗರು ಅವಸರದಲ್ಲಿ ಎರಡನ್ನೂ ಒಂದೇ ಲಕೋಟೆಗೆ ಹಾಕಿ ಅಂಟಿಸಿಬಿಡುತ್ತಾರೆ. ಎಣಿಕೆ ಮೇಜಿನ ಮೇಲೆ ಅದು ತಿರಸ್ಕೃತ. ಹಿಮದಲ್ಲಿ ಕೂತು ಹಾಕಿದ ಮತ ಅಂತ ಯಾರೂ ವಿನಾಯಿತಿ ಕೊಡುವುದಿಲ್ಲ.

ಎಣಿಕೆ ದಿನ ಬೆಳಿಗ್ಗೆ ಎಣಿಕೆ ಶುರುವಾಗುವ ಹೊತ್ತಿಗೆ ಮುಂಚೆ ಲಕೋಟೆ ಚುನಾವಣಾಧಿಕಾರಿಯ ಕೈ ಸೇರಿರಬೇಕು. ಒಂಬತ್ತು ಗಂಟೆಗೆ ಬಂದರೆ ಲೆಕ್ಕಕ್ಕಿಲ್ಲ.

ಅಷ್ಟು ಕಷ್ಟಪಟ್ಟು ಕಳಿಸಿದ ಒಂದು ಮತದಿಂದ ಏನಾಗುತ್ತದೆ?

ಪಕ್ಕದ ಶೃಂಗೇರಿ ಕ್ಷೇತ್ರದಲ್ಲಿ 2023ರಲ್ಲಿ ಗೆಲುವಿನ ಅಂತರ 201 ಮತ. ಅದೇ ವರ್ಷ ಬೆಂಗಳೂರಿನ ಜಯನಗರದಲ್ಲಿ 16. 2004ರಲ್ಲಿ ಸಂತೇಮರಹಳ್ಳಿಯಲ್ಲಿ 1. ಒಂದೇ ಒಂದು. ಇನ್ನೇನು ಹೇಳಲಿ?

ಅಂಚೆ ನಂಬಿಕೆ ಇಲ್ಲ. ಮಗನ ಪರವಾಗಿ ನಾನೇ ಹಾಕಬಹುದಾ?

ಹಾಕಬಹುದು, ಅವನು ಮೊದಲೇ ಬರೆದುಕೊಟ್ಟಿದ್ದರೆ. 2003ರಿಂದ ಈ ಸೌಲಭ್ಯ ಇದೆ. ಸಶಸ್ತ್ರ ಪಡೆಗಳವರು ಫಾರಂ 13ಎಫ್ ತುಂಬಿ ಊರಿನ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಆ ವ್ಯಕ್ತಿ ಅದೇ ಕ್ಷೇತ್ರದಲ್ಲಿ ವಾಸ ಇರಬೇಕು, ಹದಿನೆಂಟು ತುಂಬಿರಬೇಕು. ಒಮ್ಮೆ ನೇಮಿಸಿದರೆ ರದ್ದು ಮಾಡುವವರೆಗೂ ನಡೆಯುತ್ತದೆ. ಪ್ರತಿ ಚುನಾವಣೆಗೂ ಹೊಸದಾಗಿ ಬರೆಯಬೇಕಿಲ್ಲ. ಆದರೆ ಇದನ್ನು ಆರಿಸಿಕೊಂಡವರಿಗೆ ಅಂಚೆ ಮತಪತ್ರ ಬರುವುದಿಲ್ಲ.

ಮಗನ ಪರವಾಗಿ ಹಾಕುವಾಗ ಎಡಗೈ ನಡು ಬೆರಳಿಗೆ ಶಾಯಿ ಹಾಕುತ್ತಾರೆ, ನಿಮ್ಮ ಸ್ವಂತ ಮತಕ್ಕೆ ತೋರು ಬೆರಳಿಗೆ. ಎರಡು ಬೆರಳಿಗೂ ಶಾಯಿ ಹಾಕಿಸಿಕೊಂಡು ಬಂದ ತಾಯಂದಿರನ್ನು ಊರವರು ಅನುಮಾನದಿಂದ ನೋಡುವುದುಂಟು. ನೋಡಲಿ ಬಿಡಿ. ಒಂದು ವಿಷಯ ಮಾತ್ರ ಮನಸ್ಸಿನಲ್ಲಿರಲಿ: ಅದು ಅವನ ಮತ. ನಿಮಗೆ ಇಷ್ಟವಾದವರಿಗಲ್ಲ, ಅವನು ಹೇಳಿದವರಿಗೆ ಹಾಕಬೇಕು. ಕೆಲವು ಅಪ್ಪಂದಿರಿಗೆ ಇದು ದೊಡ್ಡ ಪರೀಕ್ಷೆ.

ರಜೆಗೆ ಬಂದ ತಮ್ಮ ಪಕ್ಷದ ರ‍್ಯಾಲಿಗೆ ಹೋಗಿದ್ದಾನೆ. ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದ್ದಾನೆ. ತೊಂದರೆ ಇದೆಯಾ?

ಇದೆ. ಮೊದಲು ಸ್ಟೇಟಸ್ ತೆಗೆಸಿ, ಆಮೇಲೆ ಮುಂದಿನದು ಓದಿ.

1954ರ ಸೇನಾ ನಿಯಮಗಳ 20ನೇ ನಿಯಮ ಬಹಳ ಸ್ಪಷ್ಟವಾಗಿದೆ. ಸೇವೆಯಲ್ಲಿ ಇರುವವರು ಪಕ್ಷದ ಸಭೆ, ಮೆರವಣಿಗೆಗೆ ಹೋಗುವಂತಿಲ್ಲ, ಮಾತಾಡುವಂತಿಲ್ಲ. ಪಕ್ಷ ಸೇರುವಂತಿಲ್ಲ, ಚಂದಾ ಕೊಡುವಂತಿಲ್ಲ. ಅಭ್ಯರ್ಥಿ ಆಗುತ್ತೇನೆ ಅಂತ ಹೇಳಿಕೊಳ್ಳುವಂತೆಯೂ ಇಲ್ಲ. ರಜೆಯಲ್ಲಿದ್ದರೂ ಸೇವೆಯಲ್ಲಿ ಇದ್ದಂತೆಯೇ ಲೆಕ್ಕ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಇಷ್ಟರಮಟ್ಟಿಗೆ ಕಡಿಮೆ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ.

ಇದು ಅನ್ಯಾಯ ಅಂತ ಹುಡುಗರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೈಯಲ್ಲಿ ಬಂದೂಕು ಇರುವವನು ಯಾರ ಕಡೆ ಅಂತ ಊರಿಗೆಲ್ಲ ಗೊತ್ತಾಗಬಾರದು. ಗೊತ್ತಾದ ದೇಶಗಳ ಕಥೆ ಏನಾಗಿದೆ ಅಂತ ನಮ್ಮ ಅಕ್ಕಪಕ್ಕ ನೋಡಿದರೆ ಸಾಕು.

ನಿವೃತ್ತರಾದ ಮೇಲೆ?

ಆಮೇಲೆ ಎಲ್ಲರಂತೆ. ಪಕ್ಷ ಸೇರಬಹುದು, ನಿಲ್ಲಬಹುದು. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಸೇನೆ ರಾಜಕೀಯದಿಂದ ದೂರ ಇರಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದವರೂ ಅವರೇ. ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ, 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತರು. ಸೋತರು. ಅಂಥವರನ್ನೇ ಸೋಲಿಸಿದ ಮತದಾರರು ದೇಶದ್ರೋಹಿಗಳು ಅಂತ ಆಗ ಯಾರೂ ಅನ್ನಲಿಲ್ಲ. ನಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧದಲ್ಲಿ ಇದ್ದವರು, ಆಮೇಲೆ ಬೇಸಾಯ ಮಾಡಿ, ವಿಮಾನ ಕಂಪನಿ ಕಟ್ಟಿ, 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತರು. ಅವರೂ ಗೆಲ್ಲಲಿಲ್ಲ. ದಕ್ಷಿಣ ಕನ್ನಡದಲ್ಲಿ 2024ರಲ್ಲಿ ಕ್ಯಾಪ್ಟನ್ ಬ್ರಿಜೇಶ್ ಚೌಟ ಗೆದ್ದರು. ಮಾಜಿ ಸೈನಿಕ ಅನ್ನುವುದು ಅಭ್ಯರ್ಥಿಯ ಬಗ್ಗೆ ಒಂದು ಒಳ್ಳೆಯ ಮಾಹಿತಿ, ಅಷ್ಟೇ. ರಸ್ತೆ, ಕೆರೆ, ಆಸ್ಪತ್ರೆ ಬಗ್ಗೆ ಅವರನ್ನೂ ಕೇಳಬೇಕು.

ಮೆಡಲ್ ಹಾಕಿಕೊಂಡು ಪ್ರಚಾರ ಮಾಡುವುದು ನನಗೆ ವೈಯಕ್ತಿಕವಾಗಿ ಹಿಡಿಸುವುದಿಲ್ಲ. ನನ್ನವು ಟ್ರಂಕಿನಲ್ಲಿವೆ. ವರ್ಷಕ್ಕೊಮ್ಮೆ ಒರೆಸುತ್ತೇನೆ.

ನಮ್ಮೂರಿನ ಹುತಾತ್ಮ ಯೋಧನ ಫೋಟೋ ಹಾಕಿ ಅಭ್ಯರ್ಥಿ ಫ್ಲೆಕ್ಸ್ ಮಾಡಿಸಿದ್ದಾರೆ. ಸರಿಯಾ?

ಸರಿಯಲ್ಲ. ಸೈನಿಕರ ಫೋಟೋಗಳನ್ನು ಪ್ರಚಾರಕ್ಕೆ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರ ಡಿಸೆಂಬರಿನಲ್ಲೇ ಪಕ್ಷಗಳಿಗೆ ಹೇಳಿತ್ತು. 2019ರ ಮಾರ್ಚ್ 9ರಂದು, ಲೋಕಸಭೆ ಚುನಾವಣೆ ಪ್ರಕಟವಾಗುವ ಹಿಂದಿನ ದಿನ, ಮತ್ತೆ ಹೇಳಿತು. ಎರಡು ಸಲ ಹೇಳಬೇಕಾಗಿ ಬಂತು ಅಂದರೆ ಮೊದಲ ಸಲ ಎಷ್ಟು ಜನ ಕೇಳಿದ್ದರು ಅಂತ ನೀವೇ ಊಹಿಸಿ.

ಫ್ಲೆಕ್ಸ್ ಕಂಡರೆ ಹರಿಯಬೇಡಿ, ಅದು ಬೇರೆ ಕೇಸಾಗುತ್ತದೆ. ಚುನಾವಣಾ ಆಯೋಗದ ಆ್ಯಪಿನಲ್ಲಿರುವ ಸಿ-ವಿಜಿಲ್ ದೂರು ವಿಭಾಗದಲ್ಲಿ ಫೋಟೋ ತೆಗೆದು ಹಾಕಿ. 100 ನಿಮಿಷದೊಳಗೆ ಕ್ರಮ ಆಗಬೇಕು ಅಂತ ಲೆಕ್ಕ. ಹೆಸರು ಹೇಳದೆಯೂ ದೂರು ಕೊಡಬಹುದು.

ಫ್ಲೆಕ್ಸಿಗಿಂತ ನನಗೆ ಬೇಜಾರು ತರುವುದು ಬೇರೆ. ಯೋಧನ ಪಾರ್ಥಿವ ಶರೀರ ಊರಿಗೆ ಬಂದ ದಿನ ಎಲ್ಲ ಪಕ್ಷದವರೂ ಬರುತ್ತಾರೆ. ಬರಬೇಕಾದ್ದೇ. ಆದರೆ ಯಾರು ಮೊದಲು ಹಾರ ಹಾಕಬೇಕು ಅಂತ ಅಲ್ಲಿ ತಳ್ಳಾಟ ಆಗುತ್ತದೆ. ಹೆಣ್ಣುಮಕ್ಕಳು ಅಳುತ್ತಿರುತ್ತಾರೆ, ಪಕ್ಕದಲ್ಲಿ ಯಾರೋ ‘ಸಾರ್, ಈ ಕಡೆ ನೋಡಿ’ ಅಂತ ಕ್ಯಾಮರಾ ಹಿಡಿದಿರುತ್ತಾನೆ. ಆರು ತಿಂಗಳಾದ ಮೇಲೆ ಅದೇ ಹೆಂಡತಿ ಪಿಂಚಣಿ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಜೊತೆಗೆ ಒಬ್ಬರೂ ಇರುವುದಿಲ್ಲ. ಇದಕ್ಕೆ ಆ್ಯಪ್ ಇಲ್ಲ.

ಯುದ್ಧದ ಬಗ್ಗೆ, ಸೇನೆಯ ಬಗ್ಗೆ ಪ್ರಶ್ನೆ ಕೇಳಿದರೆ ಸೈನಿಕರ ಮನೋಬಲ ಕುಗ್ಗುತ್ತದಂತೆ. ನಿಜವಾ?

ನಮ್ಮ ಮನೋಬಲ ಕುಗ್ಗಿಸಿದ್ದು ಹರಿದ ಬೂಟು, ಮುಂದಕ್ಕೆ ಹೋದ ರಜೆ. ಪ್ರಶ್ನೆ ಕೇಳಿದ್ದರಿಂದ ಯಾರ ಮನೋಬಲ ಕುಗ್ಗಿದ್ದನ್ನೂ ನಾನು ನೋಡಿಲ್ಲ.

ಚುನಾವಣೆ ಹೊತ್ತಿನಲ್ಲಿ ಯುದ್ಧ ಆದದ್ದಕ್ಕೆ ಕಾರ್ಗಿಲ್ಲೇ ಉದಾಹರಣೆ. 1999ರ ಏಪ್ರಿಲಿನಲ್ಲಿ ವಾಜಪೇಯಿ ಸರ್ಕಾರ ಒಂದು ಮತದಿಂದ ಬಿತ್ತು. ಯುದ್ಧ ನಡೆದಾಗ ಇದ್ದದ್ದು ಉಸ್ತುವಾರಿ ಸರ್ಕಾರ. ಜುಲೈ 26ಕ್ಕೆ ಯುದ್ಧ ಮುಗಿಯಿತು. ಸೆಪ್ಟೆಂಬರಿನಲ್ಲಿ ಚುನಾವಣೆ ಶುರು, ನಮ್ಮಲ್ಲಿ ವಿಧಾನಸಭೆಗೂ ಆಗಲೇ. ಅದೇ ಸರ್ಕಾರ ಯುದ್ಧ ಮುಗಿದ ಮೂರೇ ದಿನಕ್ಕೆ, ಜುಲೈ 29ರಂದು, ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ಮಾಡಿತು. ನುಸುಳುಕೋರರು ಬಂದದ್ದು ಮೊದಲೇ ಏಕೆ ಗೊತ್ತಾಗಲಿಲ್ಲ ಅಂತ ಆ ಸಮಿತಿ ಕೇಳಿತು. ಮುಂದಿನ ವರ್ಷ ವರದಿ ಸಂಸತ್ತಿನ ಮುಂದೆ ಬಂತು. ಗುಪ್ತಚರ ವ್ಯವಸ್ಥೆಯಲ್ಲಿ ಆಮೇಲೆ ಆದ ಎಷ್ಟೋ ಬದಲಾವಣೆಗಳಿಗೆ ಅದೇ ಬುನಾದಿ. ಗೆದ್ದ ಯುದ್ಧದ ಬಗ್ಗೆ ಗೆದ್ದ ಸರ್ಕಾರವೇ ಪ್ರಶ್ನೆ ಕೇಳಿಕೊಂಡಿತು. ಟೀ ಅಂಗಡಿಯಲ್ಲಿ ನೀವು ಕೇಳಿದರೆ ತಪ್ಪೇನು?

ದಾಳಿ ಇನ್ನೂ ನಡೆಯುತ್ತಿರುವಾಗ ಪಡೆ ಎಲ್ಲಿದೆ, ರೈಲು ಯಾವಾಗ ಹೊರಟಿತು ಅಂತ ಮಾತ್ರ ಹರಡಬೇಡಿ. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತು ಮಿಲಿಟರಿ ರೈಲಿನ ವಿಡಿಯೋ ಮಾಡುವವರಿಗೂ ಇದೇ ಮಾತು.

ನಾನು ಎಲ್ಲ ದೇವರಿಗೂ ಕೈ ಮುಗಿಯುವವನು. ‘ನಿಮ್ಮಂಥವರಿಂದಲೇ ದೇಶ ಹಾಳಾಯಿತು’ ಅಂತ ಅಣ್ಣನ ಮಗ ಅನ್ನುತ್ತಾನೆ. ಗಟ್ಟಿ ಧರ್ಮ ಇಲ್ಲದವನಿಗೆ ದೇಶಭಕ್ತಿ ಕಡಿಮೆಯಾ?

ನಿಮ್ಮ ಅಣ್ಣನ ಮಗನನ್ನು ಯಾವುದಾದರೂ ಯೂನಿಟ್ಟಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಸರ್ವಧರ್ಮ ಸ್ಥಳ ಅಂತ ಇರುತ್ತದೆ. ಒಂದೇ ಸೂರಿನ ಕೆಳಗೆ ಎಲ್ಲರ ದೇವರೂ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಇವರನ್ನು ಸೇನೆಯೇ ನಾಯಬ್ ಸುಬೇದಾರ್ ದರ್ಜೆಗೆ ಸೇರಿಸಿಕೊಳ್ಳುತ್ತದೆ. ಜವಾನರ ಧರ್ಮವೇ ಅಧಿಕಾರಿಯ ಧರ್ಮ ಅನ್ನುವ ಮಾತು ಅಲ್ಲಿ ರೂಢಿ. ಸಿಖ್ಖರ ಕಂಪನಿಗೆ ಹೋದ ಮಲೆನಾಡಿನ ಅಧಿಕಾರಿ ತಲೆಗೆ ಬಟ್ಟೆ ಕಟ್ಟಿಕೊಂಡು ಗುರುದ್ವಾರದಲ್ಲಿ ಕೂರುತ್ತಾನೆ. ಯಾರದೋ ಒತ್ತಾಯಕ್ಕಲ್ಲ. ನಾಳೆ ಆ ಹುಡುಗರ ಜೊತೆ ಗುಂಡಿಗೆ ಎದೆ ಕೊಡಬೇಕು, ಅದಕ್ಕೆ.

ಇದು ಸೇನೆ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಕಲ್ಲಿನ ಮೇಲೆ ಕೊರೆದಿದೆ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ಜೈನರು ರಾಜನ ಹತ್ತಿರ ದೂರು ಒಯ್ದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವಿಲ್ಲ ಅಂದ. ಅಲ್ಲಿಗೇ ಬಿಡಲಿಲ್ಲ. ಗೊಮ್ಮಟನ ಕಾವಲಿಗೆ ಇಪ್ಪತ್ತು ಜನರನ್ನು ವೈಷ್ಣವರೇ ನೇಮಿಸಬೇಕು ಅಂತ ಮಾಡಿದ. ಅವರ ಸಂಬಳಕ್ಕೆ ಜೈನರ ಮನೆಗೆ ವರ್ಷಕ್ಕೆ ಒಂದು ಹಣ. ಉಳಿದ ದುಡ್ಡಿನಲ್ಲಿ ಹಾಳಾದ ಬಸದಿಗಳ ದುರಸ್ತಿ. ಭಾಷಣ ಮಾಡಿ ಕಳಿಸದೆ ಡ್ಯೂಟಿ ಹಾಕಿದ್ದು ನೋಡಿ! ಒಬ್ಬರ ದೇವರನ್ನು ಇನ್ನೊಬ್ಬರು ಕಾಯುವ ಡ್ಯೂಟಿ.

ಅದಕ್ಕೂ ಮುಂಚೆ ಹೊಯ್ಸಳರ ಕಾಲದಲ್ಲಿ ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನ ಸೇನಾಪತಿ ಗಂಗರಾಜ ಜೈನ. ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು ಅವನೇ. ರಾಜ ವಿಷ್ಣುವಿನ ಭಕ್ತ, ರಾಣಿ ಶಾಂತಲೆ ಜೈನಳು, ದಂಡನಾಯಕ ಜೈನ. ಗಂಗರಾಜನ ನಿಷ್ಠೆ ಎಷ್ಟು ಅಂತ ಆಗ ಯಾರಾದರೂ ಅವನ ದೇವರನ್ನು ನೋಡಿ ಅಳೆದಿದ್ದರೆ ತಲಕಾಡು ಕೈಗೆ ಬರುತ್ತಿರಲಿಲ್ಲ.

ಹಿಂದೆ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಜಗಳ ಇತ್ತು, ಅದಕ್ಕೇ ಶಾಸನ ಬೇಕಾಯಿತು. ಜಗಳ ಬಂದಾಗ ಆಳುವವನು ಯಾವ ಕಡೆ ಬೆಂಕಿ ಹಚ್ಚಬೇಕು ಅಂತ ಲೆಕ್ಕ ಹಾಕಲಿಲ್ಲ ಅನ್ನುವುದಷ್ಟೇ ವಿಷಯ.

ಅಹಿಂಸೆ ನಂಬುವವರು ಸೇನೆಗೆ ಸೇರಬಹುದಾ?

ಇದನ್ನು ಕೇಳಿದವರು ಚನ್ನರಾಯಪಟ್ಟಣದ ಕಡೆಯ ಒಬ್ಬ ಜೈನ ತಾಯಿ. ಮಗ ಅರ್ಜಿ ಹಾಕಿದ್ದ.

ವಿಂಧ್ಯಗಿರಿಯ ಮೇಲಿನ ಸುಮಾರು 58 ಅಡಿಯ ಗೊಮ್ಮಟನನ್ನು ಮಾಡಿಸಿದವನು ಯಾರು? ಚಾವುಂಡರಾಯ. ಗಂಗ ಅರಸರ ಸೇನಾಪತಿ. ಎಷ್ಟೋ ಯುದ್ಧ ಮಾಡಿದವನು. ಅವನು ಯಾರ ಮೂರ್ತಿ ನಿಲ್ಲಿಸಿದ? ಗೆದ್ದ ಮೇಲೆ ರಾಜ್ಯವನ್ನೇ ಬಿಟ್ಟು ನಿಂತವನದು. ಅಣ್ಣ ತಮ್ಮಂದಿರ ಜಗಳಕ್ಕೆ ಸೈನ್ಯ ಸಾಯಬಾರದು ಅಂತ ಭರತ, ಬಾಹುಬಲಿ ತಾವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು ಅನ್ನುವುದು ಕಥೆ. ಅರ್ಧ ಜೀವನ ರಣರಂಗದಲ್ಲಿ ಕಳೆದ ದಂಡನಾಯಕನಿಗೆ ಆ ಕಥೆ ಏಕೆ ಬೇಕಾಯಿತು ಅಂತ ನಾನು ಮೆಟ್ಟಿಲು ಹತ್ತುವಾಗಲೆಲ್ಲ ಯೋಚಿಸುತ್ತೇನೆ.

ಜೈನ ಧರ್ಮದಲ್ಲಿ ಗೃಹಸ್ಥನಿಗೆ ಬೇಕಂತಲೇ ಮಾಡುವ ಹಿಂಸೆ ನಿಷಿದ್ಧ. ಮೇಲೆ ಬಿದ್ದವರನ್ನು ತಡೆಯಲು ಮಾಡುವುದನ್ನು ವಿರೋಧಿ ಹಿಂಸೆ ಅಂತ ಬೇರೆಯಾಗಿ ಇಟ್ಟಿದ್ದಾರೆ. ಸನ್ಯಾಸಿಗೆ ಅದೂ ಇಲ್ಲ. ಅಹಿಂಸೆಗೆ ಹೆಸರಾದ ಗಾಂಧೀಜಿಯೇ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಹಳ್ಳಿ ಹಳ್ಳಿ ಅಲೆದಿದ್ದರು. ಜನ ಬರಲಿಲ್ಲ, ಅದು ಬೇರೆ ಮಾತು. ನಮ್ಮ ದೇಶದಲ್ಲಿ ಕಡ್ಡಾಯ ಸೇನೆ ಇಲ್ಲ. ಹೋಗುವುದೂ ಬಿಡುವುದೂ ಮಗನ ಮನಸ್ಸಿಗೆ ಬಿಟ್ಟದ್ದು. ಕೊಲ್ಲಲು ಹಾತೊರೆಯುವ ಹುಡುಗನಿಗಿಂತ, ಕೊಲ್ಲುವ ಬಗ್ಗೆ ಎರಡು ಸಲ ಯೋಚಿಸುವ ಹುಡುಗ ಒಳ್ಳೆಯ ಸೈನಿಕ ಆಗುತ್ತಾನೆ ಅಂತ ಆ ತಾಯಿಗೆ ಹೇಳಿದೆ. ಹಿರಿಯ ಸುಬೇದಾರರೂ ಇದನ್ನೇ ಹೇಳುತ್ತಾರೆ.

ಸೇನೆಯಲ್ಲಿ ಬೇರೆಯವರ ಪೂಜೆಗೆ ಹೋಗಲ್ಲ ಅನ್ನಬಹುದಾ?

ಇಲ್ಲಿ ನನಗೂ ಪೂರ್ತಿ ಸಮಾಧಾನ ಇಲ್ಲ. ಕ್ಯಾವಲ್ರಿ, ಅಂದರೆ ಈಗಿನ ಟ್ಯಾಂಕ್ ದಳದ ಕ್ರೈಸ್ತ ಅಧಿಕಾರಿಯೊಬ್ಬರ ಕೇಸು ಇದೆ. ಅವರು ತಮ್ಮ ಜವಾನರ ಜೊತೆ ಮಂದಿರಕ್ಕೂ ಗುರುದ್ವಾರಕ್ಕೂ ಹೋಗುತ್ತಿದ್ದರು. ಗರ್ಭಗುಡಿಯ ಒಳಗೆ ಹೋಗಿ ಪೂಜೆ ಮಾಡುವುದಕ್ಕೆ ಮಾತ್ರ ಒಪ್ಪಲಿಲ್ಲ. 2021ರಲ್ಲಿ ಅವರನ್ನು ಸೇವೆಯಿಂದ ತೆಗೆದರು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಸೇನೆಯ ಕ್ರಮ ಸರಿ ಅಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ. ಕಾನೂನು ಅಲ್ಲಿಗೆ ನಿಂತಿದೆ. ಸೇರುವವರು ಇದನ್ನು ತಿಳಿದೇ ಸೇರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಬಾಗಿಲವರೆಗೆ ಬಂದು ಟೋಪಿ ತೆಗೆದು ನಿಂತವನ ಗೌರವ ಸಾಲದು ಅನ್ನುವುದು ಕಷ್ಟ. ಆದರೆ ಅವನ ಹಿಂದೆ ನಿಂತ ಹುಡುಗರ ಮನಸ್ಸಿನಲ್ಲಿ ‘ನಮ್ಮ ಸಾಹೇಬರು ನಮ್ಮವರಲ್ಲ’ ಅಂತ ಬಂದುಬಿಟ್ಟರೆ ಅದೂ ಅಪಾಯ. ಎರಡನ್ನೂ ತಿಳಿದ ಕಮಾಂಡಿಂಗ್ ಆಫೀಸರ್ ಇದ್ದರೆ ಇಂಥದ್ದು ಕೋರ್ಟಿಗೆ ಹೋಗದೆ ಮೆಸ್ಸಿನಲ್ಲೇ ಮುಗಿಯುತ್ತದೆ. ನಾನು ಹಾಗೆ ಮುಗಿದದ್ದನ್ನೂ ನೋಡಿದ್ದೇನೆ.

ರಾಷ್ಟ್ರಗೀತೆ ಹಾಡದವರು, ಘೋಷಣೆ ಕೂಗದವರು ದೇಶಭಕ್ತರಾ?

ಕೇರಳದ ಮೂರು ಮಕ್ಕಳ ಕೇಸು ಓದಿ. ಅವರ ಪಂಥದಲ್ಲಿ ತಮ್ಮ ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವ ವಿಧಿಯಲ್ಲೂ ಸೇರಬಾರದು. ರಾಷ್ಟ್ರಗೀತೆ ಬಂದಾಗ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಎದ್ದು ನಿಂತಿದ್ದಾರಲ್ಲ, ಅದೇ ಗೌರವ ಅಂತ.

ಘೋಷಣೆ ವಿಷಯದಲ್ಲಿ ಹೇಳುವುದಾದರೆ, ಪ್ರತಿ ರೆಜಿಮೆಂಟಿಗೂ ತನ್ನದೇ ಯುದ್ಧಘೋಷ ಇದೆ. ಮದ್ರಾಸ್ ರೆಜಿಮೆಂಟಿನವರು ‘ವೀರ ಮದ್ರಾಸಿ, ಅಡಿ ಕೊಲ್ಲು’ ಅಂತ ಕೂಗುತ್ತಾರೆ. ಸಿಖ್ಖರದು ಬೇರೆ, ಗೂರ್ಖಾಗಳದು ಬೇರೆ. ಒಂದೇ ಘೋಷಣೆ ಕೂಗಿದರೆ ಮಾತ್ರ ದೇಶಭಕ್ತ ಅಂತ ಸೇನೆಯೇ ಹೇಳಿಲ್ಲ. ರಸ್ತೆಯಲ್ಲಿ ಅಡ್ಡ ಹಾಕಿ ಕೂಗಿಸುವವರಿಗೆ ಆ ಅಧಿಕಾರ ಎಲ್ಲಿಂದ ಬಂತೋ.

ಧರ್ಮದ ಹೆಸರಿನಲ್ಲಿ ವೋಟು ಕೇಳಬಹುದಾ?

ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3) ಪ್ರಕಾರ ಅದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು ಮೂರರ ಬಹುಮತದಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ ಮತದಾರರ ಧರ್ಮ, ಜಾತಿ, ಭಾಷೆ ಹೆಸರಿನಲ್ಲೂ ಕೇಳುವಂತಿಲ್ಲ ಅಂದಿತು. ಜಾತಿಯನ್ನೂ ಸೇರಿಸಿದ್ದಾರೆ. ಹಾಸನದಲ್ಲಿ ಅದನ್ನು ಜಾರಿ ಮಾಡಿದರೆ ಅರ್ಧ ಪ್ರಚಾರ ಅಲ್ಲೇ ನಿಲ್ಲುತ್ತದೆ.

ಅಗ್ನಿಪಥ ಒಳ್ಳೆಯದಾ ಕೆಟ್ಟದ್ದಾ? ಒಂದು ಮಾತಿನಲ್ಲಿ ಹೇಳಿ.

ಒಂದು ಮಾತಿನಲ್ಲಿ ಆಗುವುದಿಲ್ಲ. ಲೆಕ್ಕ ಕೊಡುತ್ತೇನೆ. 2022ರ ಜೂನ್ 14ರಂದು ಪ್ರಕಟವಾಯಿತು. ನಾಲ್ಕು ವರ್ಷ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ 30 ನಿಧಿಗೆ ಹೋಗುತ್ತದೆ, ಅಷ್ಟನ್ನೇ ಸರ್ಕಾರವೂ ಹಾಕುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.7 ಲಕ್ಷ. 48 ಲಕ್ಷದ ವಿಮೆ ಇದೆ. ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ. ಯೋಜನೆ ಪ್ರಕಾರ ಕಾಯಂ ಆಗುವುದು ಶೇ 25ರವರೆಗೆ.

ಸೇನೆಯ ಸರಾಸರಿ ವಯಸ್ಸು ಕಡಿಮೆ ಆಗಬೇಕು ಅನ್ನುವುದರಲ್ಲಿ ಹುರುಳಿದೆ. ಬೆಟ್ಟ ಹತ್ತಲು ಇಪ್ಪತ್ತರ ಮೊಣಕಾಲೇ ಬೇಕು. ಆದರೆ ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ವಾಪಸ್ ಬಂದ ಹುಡುಗನ ಗತಿ ಏನು ಅಂತ ಕೇಳುವುದು ಸೇನೆಗೆ ಅವಮಾನ ಅಲ್ಲ. ಬೇಲೂರು ತಾಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಅದಕ್ಕೇ ಹೆಚ್ಚು ಹೆಸರು. ಅದರಲ್ಲಿ ಇರುವುದೇನು? ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಎರಡು ಊರು ದತ್ತಿ ಬಿಟ್ಟದ್ದು. ಹೋರಾಡಿದವನಿಗೆ ಏನು ಕೊಡಬೇಕು ಅನ್ನುವ ವಿಷಯ ನಮ್ಮ ಜಿಲ್ಲೆಯಲ್ಲಿ ಅಷ್ಟು ಹಳೆಯದು. ಓಟು ಕೇಳಲು ಬಂದವರನ್ನು ಇದನ್ನೇ ಕೇಳಿ. ಎಲ್ಲ ಪಕ್ಷದವರನ್ನೂ.

ಮಗ ಸೇನೆಗೆ ಹೋಗುತ್ತೇನೆ ಅನ್ನುತ್ತಾನೆ. ದೇಶಭಕ್ತಿಯಾ, ಕೆಲಸ ಇಲ್ಲ ಅಂತಲಾ? ಹೇಗೆ ತಿಳಿಯುವುದು?

ತಿಳಿಯಬೇಕಾಗಿಲ್ಲ. ಮಳೆ ಕೈಕೊಟ್ಟು, ತೆಂಗಿಗೆ ರೋಗ ಬಂದು, ಆಲೂಗೆಡ್ಡೆಗೆ ಬೆಲೆ ಬೀಳುವ ಜಿಲ್ಲೆಯಲ್ಲಿ ತಿಂಗಳ ಸಂಬಳ ಬೇಕು ಅಂತ ಹೋಗುವುದು ನಾಚಿಕೆಯ ವಿಷಯವಲ್ಲ. ನಾನೂ ಸಂಬಳಕ್ಕೇ ಹೋದೆ. ಪ್ರೀತಿ ಅಲ್ಲಿಗೆ ಹೋದ ಮೇಲೆ ಬಂತು, ಅದೂ ಮೊದಲು ಪಕ್ಕದ ಮಂಚದವನ ಮೇಲೆ.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನಾ ಇದೇ ಜಗಳ. ಏನು ಮಾಡುವುದು?

ಮತದಾನ ಮುಗಿಯುವವರೆಗೆ ಮ್ಯೂಟ್ ಮಾಡಿ.

ಘೋಷಣೆ ಬಿಟ್ಟು ಸೈನಿಕರಿಗಾಗಿ ಏನಾದರೂ ಮಾಡಬೇಕು ಅಂದರೆ?

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆಯುತ್ತಿದೆ. ಅಂದು ಸಂಗ್ರಹವಾದ ಹಣ ಯೋಧರ ವಿಧವೆಯರು, ಅಂಗವಿಕಲರಾದ ಸೈನಿಕರು, ಅವರ ಮಕ್ಕಳ ಓದಿಗೆ ಹೋಗುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಕೊಡಬಹುದು, ರಸೀದಿ ಕೇಳಿ ತೆಗೆದುಕೊಳ್ಳಿ. ನಿಮ್ಮೂರಿನಲ್ಲಿ ಯೋಧನ ಹೆಂಡತಿಯೋ ತಾಯಿಯೋ ಇದ್ದು, ಪಿಂಚಣಿ ಕಾಗದ ಇಂಗ್ಲಿಷಿನಲ್ಲಿದೆ ಅಂತ ಕೂತಿದ್ದರೆ, ಓದಿ ಹೇಳಿ. ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. ಅಜ್ಜಿಯನ್ನು ಬ್ಯಾಂಕಿನವರೆಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ ಬನ್ನಿ.

ಮತದಾರರ ಪಟ್ಟಿಯ ವಿಷಯ ಏನೇ ಇದ್ದರೂ ಸಹಾಯವಾಣಿ 1950. ನನಗೆ ಫೋನ್ ಮಾಡುವವರು ಸಂಜೆ ಆರರ ಮೇಲೆ ಮಾಡಿ, ಹಗಲಲ್ಲಿ ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಮಗನ ಸರ್ವಿಸ್ ನಂಬರು, ಯೂನಿಟ್ಟಿನ ಹೆಸರನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಅದು ನನಗೂ ಬೇಡ, ಯಾರಿಗೂ ಬೇಡ.